ಅಕ್ಕಿಕಾಳಿನ ಹೊತ್ತು

ನೆಲದ ಮೇಲೆ ನಿಂತವರಿಗೆ ಸೂರ್ಯ ಮುಳುಗಿದ ಮೇಲೂ ಡ್ರೋನಿಗೆ ಸ್ವಲ್ಪ ಹೊತ್ತು ಕಾಣುತ್ತಿರುತ್ತಾನೆ. ಎತ್ತರಕ್ಕೆ ಏರಿದಷ್ಟೂ ದಿಗಂತ ಕೆಳಗೆ ಸರಿಯುತ್ತದೆ, ಅಷ್ಟೆ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಇದರ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸಿದ್ದೆ. ಕಣ್ಣಿಗೆ ತೋರಿಸಿದವನು ನನ್ನ ಗಂಡ ವೀರೇಂದ್ರ.

ವೀರೇಂದ್ರನದು ಸಿಂಧನೂರಿನಲ್ಲಿ ಫೋಟೋ ಸ್ಟುಡಿಯೋ. ಮದುವೆ, ತೊಟ್ಟಿಲು, ಹುಟ್ಟುಹಬ್ಬ. ಡ್ರೋನು ತಂದದ್ದು ಮದುವೆಗಳಿಗೆಂದು. ಆದರೆ ಅದು ಬಂದ ಮೇಲೆ ಅವನಿಗೆ ಸಂಜೆಯ ಹುಚ್ಚು ಹಿಡಿಯಿತು. ನಾಟಿಯ ದಿನಗಳಲ್ಲಿ ಗದ್ದೆಗಳೆಲ್ಲ ನೀರು ತುಂಬಿಕೊಂಡು ನಿಂತಿರುತ್ತವಲ್ಲ, ಆಗ ಪ್ರತಿ ಗದ್ದೆಯಲ್ಲೂ ಒಂದೊಂದು ಸೂರ್ಯ ಇರುತ್ತಾನೆ. ಅದನ್ನು ಹಿಡಿಯಬೇಕು ಎಂದು ಕಾಲುವೆಯ ದಂಡೆಯ ಮೇಲೆ ಬೈಕು ಓಡಿಸುತ್ತಿದ್ದ. ಹಿಂದೆ ನಾನು, ನನ್ನ ತೊಡೆಯ ಮೇಲೆ ಡ್ರೋನಿನ ಪೆಟ್ಟಿಗೆ. ನಮ್ಮೂರು ಗೊರೇಬಾಳದಿಂದ ಹೊರಟು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳನ್ನು ದಾಟಿ ಮುಕ್ಕುಂದದ ಕಡೆಗೆ ಹೋಗುವಷ್ಟರಲ್ಲಿ ಮೋಡ ಬಂದಿರುತ್ತಿತ್ತು. ಇಲ್ಲವೆ ಸೂರ್ಯ ಹೋಗಿರುತ್ತಿದ್ದ.

ಆಗ ಅವನು ಡ್ರೋನು ಏರಿಸುತ್ತಿದ್ದ. ನಮ್ಮ ಸುತ್ತ ಬೂದು ಬಣ್ಣದ ಸಂಜೆ. ಪರದೆಯ ಮೇಲೆ ಮಾತ್ರ ಸೂರ್ಯ ಮತ್ತೆ ಎದ್ದು ಬರುತ್ತಿದ್ದ.

"ನೋಡು, ಎಬ್ಬಿಸಿದೆ," ಅನ್ನುತ್ತಿದ್ದ.

"ಅವ ಎಲ್ಲೂ ಹೋಗಿಲ್ಲ. ನಾವ ತಿರುಗಾಕತ್ತೀವಿ."

"ಏ ಟೀಚರವ್ವಾ, ಸುಮ್ಮ ನೋಡು. ಇದು ಪರೀಕ್ಷೆಗೆ ಬರಂಗಿಲ್ಲ."

ನನಗೂ ಹಾರಿಸಲು ಕಲಿಸಿದ. ಮದುವೆಗಳಲ್ಲಿ ಅವನ ಕೈಯಲ್ಲಿ ಬೇರೆ ಕ್ಯಾಮೆರಾ ಇರುತ್ತಿತ್ತು, ಇದಕ್ಕೆ ಇನ್ನೊಂದು ಜೋಡಿ ಕೈ ಬೇಕಿತ್ತು.

ನಮ್ಮ ಮದುವೆಯ ಮಾತನ್ನು ಇಲ್ಲಿ ಹೇಳಬೇಕು. ನನ್ನ ತವರು ಮಸ್ಕಿ. ನಮ್ಮ ಮನೆಯಲ್ಲೂ ಅವರ ಮನೆಯಲ್ಲೂ ಗೋಧೂಳಿ ಮುಹೂರ್ತದ ರೂಢಿ ಇದೆ. ದನಗಳು ಮೇವಿನಿಂದ ಮರಳುವ ಹೊತ್ತಿನಲ್ಲಿ, ಸೂರ್ಯ ಕಣ್ಣಿಗೆ ಕಾಣುತ್ತಿರುವಾಗಲೇ ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳಬೇಕು. ಹೊತ್ತು ಮುಳುಗಿದ ಮೇಲೆ ಹಾಕುವಂತಿಲ್ಲ, ಮರುದಿನ ಬೆಳಗಿನ ಮುಹೂರ್ತಕ್ಕೆ ಕಾಯಬೇಕು. ಈಗ ಊರಲ್ಲಿ ದನವೂ ಇಲ್ಲ, ದನದ ಧೂಳೂ ಇಲ್ಲ. ಸೂರ್ಯ ಮಾತ್ರ ಉಳಿದಿದ್ದಾನೆ.

ಆ ದಿನ ಸೀರೆ ಉಡಿಸುವವರು ತಡ ಮಾಡಿದರು. ನಾನು ಮಂಟಪಕ್ಕೆ ಬರುವಷ್ಟರಲ್ಲಿ ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ನಮ್ಮ ತಾತ ಕೋಲು ಊರಿ ಎದ್ದು ನಿಂತರು.

"ಹೊತ್ತು ಹೋತು. ಇನ್ನ ನಾಳೆ ಮುಂಜಾನಿ."

ಬಾಸಿಂಗ ಕಟ್ಟಿಕೊಂಡ ವೀರೇಂದ್ರ ಮಣೆಯ ಮೇಲಿಂದಲೇ ಕೂಗಿದ. "ತಾತಾ, ಗುಡ್ಡದ ಹಿಂದ ಅಡಗ್ಯಾನ ಅಷ್ಟ. ಒಂದು ಮಿಂಟ್ ತಡೀರಿ. ಲೇ ವಿರೇಶ, ಡಬ್ಬಿ ತಗೊಂಬಾ!"

ವಿರೇಶ ಅವನ ಗೆಳೆಯ, ಸ್ಟುಡಿಯೋದಲ್ಲಿ ಪಾಲುದಾರ. ಪೆಟ್ಟಿಗೆ ತಂದ. ಕಂಕಣ ಕಟ್ಟಿದ ಕೈಯಿಂದಲೇ ನನ್ನ ಗಂಡ ಡ್ರೋನು ಏರಿಸಿದ. ಗಂಡಸರೆಲ್ಲ ಪರದೆಯ ಸುತ್ತ ಮುತ್ತಿಕೊಂಡರು. ಅವರ ನಡುವೆ ಭುಜ ತೂರಿಸಿ ಮೊದಲು ನೋಡಿದವರು ನಮ್ಮ ಅತ್ತೆ ವೀರಭದ್ರಮ್ಮ.

"ಅಗಾ, ಐತಿ! ಕೆಂಪಗ ನಿಂತೈತಿ! ಹಾಕ್ರೀ ಅಕ್ಕಿಕಾಳ!"

ನಗುವಿನ ನಡುವೆ ಅಕ್ಕಿಕಾಳು ಬಿದ್ದವು. ತಾತ ಕೂಡ ನಕ್ಕರು.

ಎರಡು ವರ್ಷವೂ ತುಂಬಿರಲಿಲ್ಲ, ವೀರೇಂದ್ರನಿಗೆ ಡೆಂಗಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿಯಿತು ಎಂದು ಎಲ್ಲರೂ ಸಮಾಧಾನ ಪಟ್ಟುಕೊಂಡ ದಿನವೇ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಜನ ಇನ್ನೂ ಅಂಗಳದಲ್ಲಿದ್ದಾಗಲೇ ಆ ಮಾತು ನನ್ನ ಕಿವಿಗೆ ಬಿತ್ತು. ಮುಣುಗಿದ ಹೊತ್ತಿನ್ಯಾಗ ಲಗ್ನ ಆದೋರು, ಆಟಗಿ ಸಾಮಾನಿನ್ಯಾಗ ಹೊತ್ತು ನೋಡಿದೋರು. ಸೊಳ್ಳೆಗೆ ಲಗ್ನದ ಹೊತ್ತು ಗೊತ್ತಿರುವುದಿಲ್ಲ ಎಂದು ಹೇಳಬಹುದಿತ್ತು. ಆಗ ನನಗೆ ಬಾಯಿ ಇರಲಿಲ್ಲ. ಅತ್ತೆ ಎದ್ದರು. ಹೊಟ್ಟೆಯ ಮಗನನ್ನು ಕಳೆದುಕೊಂಡ ಹೆಂಗಸು, ತಲೆಯ ಮೇಲಿನ ಸೆರಗು ಜಾರಿದ್ದು ಸಹ ಗೊತ್ತಾಗದೆ ಅಂಗಳದ ನಡುವೆ ನಿಂತು ಹೇಳಿದರು.

"ಯಾರಬೇ ಅಂದಾಕಿ? ನಾ ನನ್ನ ಕಣ್ಣೀಲೆ ನೋಡೀನಿ. ಹೊತ್ತು ಇತ್ತು."

ಆಮೇಲೆ ಎಷ್ಟು ಸಲ, ಎಷ್ಟು ಜನಕ್ಕೆ ಹೇಳಿದರೋ. ಬೀಗರ ಮನೆಗಳಲ್ಲಿ, ಬಸ್ಸಿನಲ್ಲಿ, ನನ್ನ ತವರಿನವರ ಮುಂದೆ. ಹೊತ್ತು ಇತ್ತು. ನನ್ನೊಳಗೆ ಎಲ್ಲ ಜೋಮು ಹಿಡಿದು ಕೂತಿತ್ತು, ಅತ್ತದ್ದೂ ಕಮ್ಮಿ. ಆ ಮಾತು ಕೇಳಿದ ದಿನ ಮಾತ್ರ ನಿದ್ದೆ ಬರುತ್ತಿತ್ತು.

ಗೊರೇಬಾಳದ ಮನೆಯಲ್ಲೇ ಉಳಿದೆ. ಸಿಂಧನೂರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಹೋಗುತ್ತೇನೆ. ಸ್ಟುಡಿಯೋವನ್ನು ವಿರೇಶ ನೋಡಿಕೊಳ್ಳುತ್ತಾನೆ. ಅವನಿಗೆ ಡ್ರೋನಿನ ಕೈ ಕೂಡಿಬರಲಿಲ್ಲ, ಒಂದು ಸಲ ಬೇವಿನ ಮರಕ್ಕೆ ಹೊಡೆಸಿದ. ಹಾಗಾಗಿ ಮದುವೆಗಳಿಗೆ ನನ್ನನ್ನು ಕರೆಯುತ್ತಾನೆ. ಹೋಗುತ್ತೇನೆ. ಮಂಟಪದ ಹತ್ತಿರ ಅಲ್ಲ. ಬರಬೇಡ ಎಂದು ಯಾರೂ ಇದುವರೆಗೆ ಅಂದಿಲ್ಲ. ಅನ್ನುವ ಮೊದಲೇ ನಾನು ಮಾಳಿಗೆ ಹತ್ತಿರುತ್ತೇನೆ. ಮುಖ ತೋರಿಸದೆ ಎಲ್ಲರ ಮದುವೆ ನೋಡಬಹುದು. ಡ್ರೋನಿನ ಅನುಕೂಲ ಅದು.

ಈ ವರ್ಷ ನಾದಿನಿ ಜಯಶ್ರೀಯ ಮದುವೆ ಗೊತ್ತಾಯಿತು. ಹುಡುಗ ಲಿಂಗಸುಗೂರಿನವನು, ಸಿದ್ದಲಿಂಗೇಶ. ರಸಗೊಬ್ಬರದ ಅಂಗಡಿ. ಒಳ್ಳೆಯ ಮುಖದ, ಸ್ವಲ್ಪ ಗಾಬರಿ ಸ್ವಭಾವದ ಹುಡುಗ. ಮುಹೂರ್ತದ ಮಾತು ಬಂದಾಗ ಜಯಶ್ರೀ ಎಲ್ಲರ ಎದುರೇ ಅಂದಳು.

"ಅಣ್ಣಂದು ಸಂಜಿಮುಂದ ಆಗಿತ್ತು. ನಂದೂ ಸಂಜಿಮುಂದ ಆಗ್ಲಿ."

ಮಾವ ಸೂಗಪ್ಪನವರು ಹೆಂಡತಿಯ ಮುಖ ನೋಡಿದರು. ಅತ್ತೆ "ಆಗ್ಲಿ ಬಿಡ್ರಿ" ಅಂದು ಒಳಗೆ ಹೋದರು. ಅವರ ದನಿಯಲ್ಲಿ ಏನಿತ್ತೋ ನಾನು ಗಮನಿಸಲಿಲ್ಲ. ಆಮೇಲೆ ಜಯಶ್ರೀ ನನ್ನ ಪಕ್ಕ ಬಂದು ಕೂತಳು.

"ವೈನಿ, ನಾ ಸಂಜಿ ಹೊತ್ತಿನ್ಯಾಗ ಮದಿವಿ ಆಗಿ ನಾಕು ಮಕ್ಕಳು ಹಡೀತೀನಿ. ಆಗ ಯಾವಾಕಿ ಬಾಯಿ ತಗೀತಾಳ ನೋಡೂನು."

"ನಾಕು?"

"ಮೂರು ಇರ್ಲಿ ಬಿಡು."

ನಕ್ಕೆ. ಅವಳ ಮದುವೆ ಅದೇ ಹೊತ್ತಿನಲ್ಲಿ ಆಗಿ, ಅವಳು ಸುಖವಾಗಿ ಬಾಳಿದರೆ, ನಮ್ಮ ಸಂಜೆಯ ಮೇಲೆ ಕೂತ ಮಾತು ತಾನಾಗಿ ಉದುರುತ್ತದೆ. ಅದು ನನಗೆ ಬೇಕಿತ್ತು. ಇಷ್ಟು ಬೇಕಿತ್ತು ಎಂದು ಆ ದಿನದವರೆಗೂ ನನಗೇ ತಿಳಿದಿರಲಿಲ್ಲ.

ಮದುವೆ ನಮ್ಮ ಮನೆಯ ಮುಂದೆಯೇ. ಕಾಲುವೆಯಲ್ಲಿ ನೀರಿಲ್ಲದ ತಿಂಗಳು. ಕೊಯ್ದ ಭತ್ತದ ಕೂಳೆ ಕಣ್ಣು ಹೋದಷ್ಟು ದೂರ ಒಣಗಿ ನಿಂತಿತ್ತು. ಮಧ್ಯಾಹ್ನ ಕಳೆಯಿತು, ಗಂಡಿನ ಕಡೆಯವರು ಬರಲಿಲ್ಲ. ಲಿಂಗಸುಗೂರಿನಿಂದ ಹೊರಟವರು ಮಸ್ಕಿಯಲ್ಲಿ ಗುಡ್ಡದ ಮೇಲಿನ ಮಲ್ಲಯ್ಯನಿಗೆ ಕಾಯಿ ಒಡೆಸಲು ಇಳಿದಿದ್ದರು. ವಿರೇಶ ಅಂಗಳದಲ್ಲಿ ನಿಂತು ಫೋನಿನಲ್ಲಿ ಕೂಗುತ್ತಿದ್ದ.

"ಎಲ್ಲಿದೀರ್ರೀ? ಇನ್ನೂ ಗುಡ್ಡದ ಮ್ಯಾಲೇನ? ಇಳೀರಿ ಜಲ್ದಿ! ಏನು? ನಿಮ್ಮ ಚಿಗವ್ವ ಮೆಟ್ಲ ನಡುವ ಕುಂತಾರ? ಏರಂಗಿಲ್ಲ ಅಂತಾರ, ಇಳಿಯಂಗಿಲ್ಲ ಅಂತಾರ? ಹೊತ್ತುಕೊಂಡ ಬರ್ರಿ ಅವರನ್ನ!"

ಪೆಂಡಾಲು ಹಾಕಿದ ಬುಡ್ಡೇಸಾಬ್ ಕಂಬಕ್ಕೆ ಒರಗಿ ಬೀಡಿ ಹಚ್ಚಿದ್ದ. ಮಾವ ಅವನ ಮುಂದೆ ಎರಡು ಸಲ ಹಾದು ಹೋಗಿ ಮೂರನೇ ಸಲ ನಿಂತರು.

"ಹೊತ್ತು ಇಳ್ಯಾಕತ್ತೈತಲ್ಲೋ ಬುಡ್ಡೇಸಾಬ."

"ನಾ ಏನ ಮಾಡ್ಲಿ ಗೌಡ್ರ? ಪೆಂಡಾಲ್ ಆದ್ರ ಹಗ್ಗ ಹಾಕಿ ಕಟ್ತೀನಿ. ಹೊತ್ತಿಗೆ ಹಗ್ಗ ಎಲ್ಲಿ ತರ್ಲಿ?"

ನಾನು ಮಾಳಿಗೆಯ ಮೇಲಿದ್ದೆ. ಪಡುವಣದಲ್ಲಿ ಹಳ್ಳದ ಗುಂಟ ಜಾಲಿಯ ಗಿಡಗಳ ಸಾಲು. ಸೂರ್ಯ ಆ ಸಾಲಿನ ತಲೆಯ ಮೇಲೆ ಬಂದಾಗ ರಸ್ತೆಯಲ್ಲಿ ಧೂಳು ಕಾಣಿಸಿತು. ಎರಡು ಕ್ರೂಸರ್, ಒಂದು ಬಸ್ಸು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಸಿದ್ದಲಿಂಗೇಶ ಹಾರಿ ಇಳಿದ. ಬಾಸಿಂಗ ಹಣೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಯಾರೋ ಓಡುತ್ತಲೇ ಕಟ್ಟಿದರು. ಜಯಶ್ರೀಯನ್ನು ಕರೆತಂದರು. ನಡುವೆ ಅಂತರಪಟ ಹಿಡಿದರು. ಜನರಿಗೆ ಅಕ್ಕಿಕಾಳು ಹಂಚುತ್ತಿದ್ದಾಗ ಸೂರ್ಯ ಜಾಲಿಯ ಹಿಂದೆ ಹೋದ.

ನೆರಳು ಅಂಗಳದ ತುಂಬ ಒಮ್ಮೆಲೇ ಬಿತ್ತು. ಮಂತ್ರ ಹೇಳುತ್ತಿದ್ದ ಅಯ್ಯನವರು ನಿಲ್ಲಿಸಿದರು. ಗಂಡಿನ ದೊಡ್ಡಪ್ಪ, ಬಿಳಿ ಮೀಸೆಯ ದೊಡ್ಡ ಆಳು, ಪಡುವಣಕ್ಕೆ ತಿರುಗಿ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಹೊತ್ತು ಎಲ್ಲೈತಿ? ಮುಣುಗಿದ ಹೊತ್ತಿಗೆ ನಮ್ಮ ಮನ್ಯಾಗ ಅಕ್ಕಿಕಾಳು ಹಾಕಂಗಿಲ್ಲ ನೋಡ್ರಿ."

"ಗಿಡ ಅಡ್ಡ ಬಂದಾವ ಬೀಗ್ರ," ಅಂದರು ಮಾವ.

"ಗಿಡ ಅಡ್ಡ ಬಂದಾವೋ, ಹೊತ್ತ ಹೋಗೈತೋ, ಯಾರು ನೋಡ್ಯಾರ?"

ಗಂಡಿನ ಕಡೆಯ ಹುಡುಗರಲ್ಲಿ ಒಬ್ಬ ಮಾಳಿಗೆಯ ಕಡೆ ಕೈ ಮಾಡಿದ. "ಮ್ಯಾಲೆ ಡ್ರೋನ್ ಐತಲ್ಲ! ಏರಸ್ರೀ ಅಕ್ಕೋರ!"

ನಾನು ಆಗಲೇ ಏರಿಸಿದ್ದೆ. ಸೂರ್ಯ ಗಿಡಗಳ ತಲೆ ಮುಟ್ಟಿದಾಗಲೇ ನನ್ನ ಬೆರಳು ತಮ್ಮಷ್ಟಕ್ಕೆ ಒತ್ತಿದ್ದವು.

ದೊಡ್ಡಪ್ಪ ಬೇಡ ಅನ್ನುತ್ತಾರೆ ಅಂದುಕೊಂಡೆ. ಅವರು ಅನ್ನಲಿಲ್ಲ. "ಕಂಡ್ರ ಕಂಡಂಗ. ಅದರಾಗೇನು? ಹಿರೇರು ಒಬ್ಬರು ನೋಡಿ ಹೇಳ್ಲಿ, ಮುಗೀತು. ಬೀಗತೀನ ನೋಡ್ಲಿ. ಐತಿ ಅಂದ್ರ ಹಾಕೂನು. ಜಲ್ದಿ ಹೋಗ್ರೀ ಯವ್ವಾ!"

ಅತ್ತೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನವರು. ಆ ದಿನ ಅಷ್ಟು ಬೇಗ ಹೇಗೆ ಹತ್ತಿದರೋ.

ಪರದೆಯ ಮೇಲೆ ಸೂರ್ಯ ಇದ್ದ. ಅರ್ಧಕ್ಕಿಂತ ಹೆಚ್ಚು. ಕೂಳೆಯ ಹಳದಿ ಬಯಲಿನ ಕೊನೆಗೆ, ಧೂಳಿನ ಪದರದಲ್ಲಿ, ನೋಡಿದರೆ ಕಣ್ಣು ಚುಚ್ಚದಷ್ಟು ಮೆತ್ತಗಿನ ಕೆಂಪು. ವೀರೇಂದ್ರ ಅಷ್ಟೂ ಸಂಜೆ ಬೈಕು ಓಡಿಸಿಕೊಂಡು ಬೆನ್ನು ಹತ್ತಿದ್ದು ಇದನ್ನೇ ಅನ್ನಿಸಿತು. ಪರದೆಯನ್ನು ಅತ್ತೆಯ ಮುಂದೆ ಹಿಡಿದೆ.

ಅವರು ನೋಡಿದರು. ತಡೆದು ತಡೆದು ಉಸಿರು ಬಿಡುತ್ತಿದ್ದರು. ಬೆರಳು ಚಾಚಿ ಸರಿಯಾಗಿ ಸೂರ್ಯನ ಮೇಲೆಯೇ ಇಟ್ಟರು. ಕ್ಯಾಮೆರಾ ಅಲ್ಲಿಗೆ ದೃಷ್ಟಿ ಕೂಡಿಸಿತು, ಸೂರ್ಯನ ಸುತ್ತ ಹಳದಿ ಗೆರೆಯ ಚೌಕ ಮೂಡಿತು. ಅತ್ತೆ ಬೆಚ್ಚಿದವರಂತೆ ಕೈ ಹಿಂದೆ ತೆಗೆದುಕೊಂಡರು. ನನ್ನ ಮುಖ ನೋಡಿದರು. ಆಮೇಲೆ ಕೆಳಗೆ ಮಣೆಯ ಮೇಲೆ ನಿಂತ ಸಿದ್ದಲಿಂಗೇಶನನ್ನು ನೋಡಿದರು. ಅವನು ಓಡಿ ಬಂದ ಬೆವರು ಇನ್ನೂ ಒರೆಸಿಕೊಳ್ಳುತ್ತಿದ್ದ.

"ಐತೇನ್ರೀ ಯವ್ವಾ?" ಕೆಳಗಿನಿಂದ ದೊಡ್ಡಪ್ಪ ಕೂಗಿದರು.

ಅತ್ತೆ ಮಾಳಿಗೆಯ ಅಂಚಿನ ಕಟ್ಟೆಯ ಹತ್ತಿರ ಹೋದರು.

"ಇಲ್ರೀ," ಅಂದರು. "ಹೋಗೈತಿ."

ಜಯಶ್ರೀ ಅಂತರಪಟದ ಬದಿಯಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡಿದಳು. ತಾಯಿಯನ್ನಲ್ಲ, ನನ್ನನ್ನು.

"ವೈನೀ?"

ಒಂದೇ ಮಾತು ಸಾಕಿತ್ತು. ಐತಿ. ಪರದೆಯನ್ನು ಕೆಳಗೆ ತೋರಿಸುವುದೂ ಬೇಕಿರಲಿಲ್ಲ, ನನ್ನ ಮಾತನ್ನು ಅವಳು ನಂಬುತ್ತಿದ್ದಳು. ಬೀಗರ ಎದುರು, ಮಗಳ ಮದುವೆಯ ದಿನ ಅತ್ತೆಯನ್ನು ಸುಳ್ಳುಗಾರ್ತಿ ಮಾಡಬಾರದು ಎಂದು ಸುಮ್ಮನಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಆ ಕ್ಷಣ ನಾನೂ ಆ ಹುಡುಗನನ್ನೇ ನೋಡುತ್ತಿದ್ದೆ. ಅವನ ಕುತ್ತಿಗೆಯ ಬೆವರು. ಅವನಿಗೇನಾದರೂ ಆದರೆ? ಎಂದೂ ಹಾಗೆ ಯೋಚಿಸದವಳು ನಾನು. ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸಿದವಳು. ಪರದೆಯನ್ನು ಎದೆಗೆ ಒತ್ತಿಕೊಂಡು ನಿಂತೆ.

ಜಯಶ್ರೀ ತಲೆ ಒಳಗೆ ತೆಗೆದುಕೊಂಡಳು.

"ಆತು ಬಿಡ್ರಿ, ನಾಳೆ ಮುಂಜಾನಿ ಬೇಷ್ ಮುಹೂರ್ತ ಐತಿ," ಅಂದರು ಅಯ್ಯನವರು. "ಹಂಗಾದ್ರ ಊಟ ಈಗೋ, ನಾಳೆಗೋ?" ಎಂದು ಯಾರೋ ಕೇಳಿದರು. ನಗೆ ಎದ್ದಿತು. ಅಂತರಪಟ ಮಡಚಿದರು. ಮುಷ್ಟಿಯಲ್ಲಿದ್ದ ಅಕ್ಕಿಕಾಳನ್ನು ಜನ ಮರಳಿ ತಟ್ಟೆಗೆ ಹಾಕತೊಡಗಿದರು. ಆ ಸದ್ದು ಮಾಳಿಗೆಯವರೆಗೂ ಕೇಳಿಸುತ್ತಿತ್ತು. ಸಣ್ಣ ಮಳೆಯ ಸದ್ದು ಅನ್ನಬೇಕು, ಆದರೆ ಹಾಗಿರಲಿಲ್ಲ. ಅಕ್ಕಿ ತಟ್ಟೆಗೆ ಬೀಳುವ ಸದ್ದಿನಂತೆಯೇ ಇತ್ತು.

ಅತ್ತೆ ಇಳಿದು ಹೋಗಿದ್ದರು. ನಾನು ಪರದೆಯನ್ನು ಎದೆಯಿಂದ ಬಿಡಿಸಿ ನೋಡಿದೆ. ಇನ್ನೂ ಇದ್ದ. ಕೆಳಗಿನವರು ಕೈ ತೊಳೆದು ಎಲೆಗೆ ಕೂರುತ್ತಿದ್ದರು, ಅವನು ಇನ್ನೂ ಇದ್ದ. ಉಗುರಿನಷ್ಟಾದ, ಆಮೇಲೆ ಕೆಂಪು ಗೆರೆಯಷ್ಟು, ಆಮೇಲೆ ಇಲ್ಲ. ಅವನು ಹೋದದ್ದನ್ನು ಅಷ್ಟು ಜನರಲ್ಲಿ ನಾನೊಬ್ಬಳೇ ನೋಡಿದೆ. ಬ್ಯಾಟರಿ ಕೂಗುವವರೆಗೂ ಡ್ರೋನು ಇಳಿಸಲಿಲ್ಲ.

ಮರುದಿನ ಬೆಳಗ್ಗೆ ಮದುವೆ ಆಯಿತು. ಯಾವ ಕೊರತೆಯೂ ಆಗಲಿಲ್ಲ. ರಾತ್ರಿ ಉಳಿದ ಬೀಗರು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ನಮ್ಮ ಮನೆಯ ಉಪಚಾರ ಹೊಗಳಿದರು. ಗುಡ್ಡದ ನಡುವೆ ಕೂತಿದ್ದ ಚಿಗವ್ವನೇ ಎಲ್ಲರಿಗಿಂತ ಜೋರಾಗಿ ಸೋಬಾನೆ ಹಾಡಿದಳು. ಗಾಡಿ ಹತ್ತುವಾಗ ಜಯಶ್ರೀ ನನ್ನ ಕುತ್ತಿಗೆ ತಬ್ಬಿ ಅತ್ತಳು. ಸಂಜೆಯ ಮಾತು ಎತ್ತಲಿಲ್ಲ. ಬೇಸರವಿದ್ದಿದ್ದರೆ ಬೈಯುತ್ತಿದ್ದಳು, ಅವಳ ಸ್ವಭಾವ ಅದು. ಬೈಯಲಿಲ್ಲ.

ಮೂರ್ನಾಲ್ಕು ದಿನಗಳ ಮೇಲೆ ಒಂದು ಸಂಜೆ ಕಾಲೇಜಿನಿಂದ ಬಂದೆ. ಅತ್ತೆ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನೂ ಕೂತು ಒಂದು ಹಿಡಿ ಎಳೆದುಕೊಂಡೆ.

"ಐಶೂ," ಅಂದರು, ತಲೆ ಎತ್ತದೆ. "ಆವತ್ತ ನೀ ಯಾಕ ಸುಮ್ಮನಾದಿ?"

"ನೀವ ಇಲ್ಲ ಅಂದ್ರಲ್ಲತ್ತಿ."

"ನಾ ಅಂದೆ. ನನಗ ಅಂಜಿಕಿ ಬಂತು. ಅಷ್ಟು ಕೆಂಪಗ ಕಂಡಕೂಡ್ಲೆ ನನ್ನ ಮಗ ಬಾಸಿಂಗ ಕಟ್ಟಿಕೊಂಡು ಕುಂತಿದ್ದು ಕಂಡಂಗಾತು. ಬಾಯಿಗೆ ಬಂದಿದ್ದು ಅಂದುಬಿಟ್ಟೆ." ಒಂದು ಬೀಜ ಬಿಡಿಸಿ ಬುಟ್ಟಿಗೆ ಹಾಕಿದರು. "ನೀ ಓದಿದಾಕಿ. ನೀ ಐತಿ ಅಂತೀ ಅಂತ ತಿಳಿದಿದ್ದೆ. ಅತ್ತಿಗೆ ಕಣ್ಣು ಕಾಣಂಗಿಲ್ರೀ, ಐತಿ, ಹಾಕ್ರಿ ಅಂತ ನೀ ಅಂದಿದ್ರ ನಾ ಹೂಂ ಅಂತಿದ್ದೆ ಯವ್ವಾ. ಅದನ್ನ ಕಾಯ್ಕೊಂತ ನಿಂತಿದ್ದೆ."

ನಾನು ಅವರ ಬೆರಳುಗಳನ್ನು ನೋಡುತ್ತಿದ್ದೆ. ಹುಣಸೆಯ ಅಂಟಿಗೆ ಕಪ್ಪಾಗಿದ್ದವು.

"ನೀ ಅನ್ನಲಿಲ್ಲ," ಅಂದರು. "ಹಂಗಾದ್ರ ನಿನಗೂ ಹಂಗ ಅನಿಸ್ತೈತಿ?"

ಇಲ್ಲ ಅನ್ನಬೇಕಿತ್ತು. ಇಲ್ಲ, ಹಾಗೆ ಅನಿಸುವುದಿಲ್ಲ. ಹೊತ್ತು ಅವತ್ತೂ ಇತ್ತು, ಇವತ್ತೂ ಇತ್ತು. ಅದು ನಿಜವೂ ಆಗಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಹೊಲದಿಂದ ಬಂದು ಕಾಲು ತೊಳೆಯಲು ನೀರು ಕೇಳಿದರು. ಅತ್ತೆ ಎದ್ದು ಹೋದರು. ಅವರು ತಿರುಗಿ ಬಂದಾಗ ನಾನು ಹೇಳಬಹುದಿತ್ತು. ಅವರೂ ಮತ್ತೆ ಕೇಳಬಹುದಿತ್ತು.

ಮೊನ್ನೆ ಅತ್ತೆಯ ಜೊತೆ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದೆ. ಓಣಿಯ ಆದಮ್ಮ ಅಲ್ಲಿದ್ದಳು. ಕೆಟ್ಟವಳಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ.

"ಮಗಳು ಹೆಂಗದಾಳ ವೀರಭದ್ರಮ್ಮ?"

"ಅದಾಳ, ಚೊಲೋ ಅದಾಳ."

"ಚೊಲೋ ಇರ್ದ ಏನ ಮಾಡ್ತಾಳ? ಈಕಿ ಮದಿವೀನರ ಹೊತ್ತು ನೋಡಿ ಮಾಡಿದ್ರಿ. ಮಗಂದು ನೋಡಲಿಲ್ಲ, ಆ ಪಾಡು ಬಂತು."

ಗಿರಣಿಯ ಪಟ್ಟಿ ಕಿವಿ ಕಿವುಡಾಗುವಂತೆ ಓಡುತ್ತಿತ್ತು, ಆದರೂ ಪ್ರತಿ ಅಕ್ಷರ ಕೇಳಿಸಿತು. ನಾನು ಅತ್ತೆಯ ಕಡೆ ತಿರುಗಿದೆ. ಈಗ ಅನ್ನುತ್ತಾರೆ, ನಾ ನನ್ನ ಕಣ್ಣೀಲೆ ನೋಡೀನಿ ಅನ್ನುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ತಿರುಗಿದ್ದರು. ಅವರೂ ಕಾಯುತ್ತಿದ್ದರು.

ಗಿರಣಿಯವನು ನಮ್ಮ ಹಿಟ್ಟನ್ನು ಚೀಲಕ್ಕೆ ತುಂಬಿ ಕೊಟ್ಟ. ಬಿಸಿಯಾಗಿತ್ತು. ಅತ್ತೆ ಒಂದು ಕಡೆ ಹಿಡಿದರು, ನಾನು ಇನ್ನೊಂದು ಕಡೆ ಹಿಡಿದೆ. ಮನೆಯವರೆಗೂ ಹಾಗೆಯೇ ಬಂದೆವು.